ಜೋಡಿಯ ಲೆಕ್ಕ

(ಮಾಗನೂರಿನಲ್ಲಿ ನಡೆದ ದುಡಿಯುವ ದಂಪತಿಗಳ ಕೂಟದಲ್ಲಿ ಉಪದೇಶಿಯೊಬ್ಬರು ಆಡಿದ ಮಾತುಗಳು. ತೋಟಗಳಲ್ಲಿರುವ ನಮ್ಮ ಓದುಗರಿಗೂ ಉಪಯೋಗವಾಗಲೆಂದು ಇಲ್ಲಿ ಪ್ರಕಟಿಸಿದ್ದೇವೆ.)



ಈ ದಿನ ಗಂಡಹೆಂಡಿರು ಒಟ್ಟಿಗೆ ಬರಬೇಕೆಂದು ಕೇಳಿಕೊಂಡಿದ್ದೆವು. ಬಂದಿದ್ದೀರಿ, ಸಂತೋಷ. ಆದರೆ ಕುಳಿತಿರುವುದು ಎಂದಿನಂತೆಯೇ, ಗಂಡಸರು ಈ ಕಡೆ, ಹೆಂಗಸರು ಆ ಕಡೆ. ಇರಲಿ, ನಮ್ಮ ದೇವಾಲಯದ ರೂಢಿ ಅದು. ಇವತ್ತು ಮಾತನಾಡಬೇಕಾದ ವಿಷಯವೂ ನಮ್ಮ ಮನೆಗಳಲ್ಲಿ ಹೀಗೆಯೇ ಎರಡು ಕಡೆಯಾಗಿ ಕುಳಿತಿದೆ. ಅದು ದುಡ್ಡಿನ ವಿಷಯ, ಸಾಲದ ವಿಷಯ.

ಮಾಗನೂರು, ಮಕ್ತಲ್, ಗದ್ವಾಲ ಸೀಮೆಯ ನಮಗೆ ಸಾಲ ಹೊಸದಲ್ಲ. ಕೃಷ್ಣಾ ನದಿ ತೆಲಂಗಾಣಕ್ಕೆ ಕಾಲಿಡುವುದೇ ನಮ್ಮ ತಂಗಿಡಿಯ ಹತ್ತಿರ. ಭೀಮಾ ನದಿಯೂ ಅಲ್ಲಿಗೇ ಬಂದು ಕೂಡುತ್ತದೆ. ಎರಡು ದೊಡ್ಡ ಹೊಳೆಗಳು ಕೂಡುವ ನೆಲದಿಂದ ಜನ ಕೂಲಿ ಹುಡುಕಿಕೊಂಡು ದೇಶಾಂತರ ಹೋಗುತ್ತಾರೆಂದರೆ ಹೊರಗಿನವರಿಗೆ ನಂಬಿಕೆಯಾಗುವುದಿಲ್ಲ. ಹಳೆಯ ಮಹಬೂಬನಗರ ಜಿಲ್ಲೆಗೆ ಪಾಲಮೂರು ಎಂದೂ ಹೆಸರು. ‘ಪಾಲಮೂರು ಲೇಬರ್’ ಎಂದರೆ ಅಣೆಕಟ್ಟು, ಕಾಲುವೆ, ರಸ್ತೆ, ಕಟ್ಟಡದ ಕೆಲಸ ನಡೆಯುವ ಊರುಗಳಲ್ಲೆಲ್ಲ ಗೊತ್ತು. 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಯಾಯಿತು, ಕಚೇರಿಯ ಫಲಕ ಬದಲಾಯಿತು, ಮೇಸ್ತ್ರಿ ಕೊಡುವ ಮುಂಗಡ ಮಾತ್ರ ಬದಲಾಗಲಿಲ್ಲ. ಇಲ್ಲಿ ಕುಳಿತವರಲ್ಲಿ ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕಟ್ಟಡದ ಕೆಲಸಕ್ಕೆ ಹೋಗುವವರಿದ್ದೀರಿ, ಹಣ್ಣು ಬಿಡಿಸುವ ಕಾಲಕ್ಕೆ ಕಾಫಿ ತೋಟಗಳಿಗೆ ಹೋಗುವವರೂ ಇದ್ದೀರಿ. ತೋಟದಲ್ಲೇ ಲೈನು ಮನೆ ಹಿಡಿದು ನಿಂತುಬಿಟ್ಟ ಒಂದೆರಡು ಕುಟುಂಬಗಳೂ ಊರಿಗೆ ಬಂದಿವೆ. ಎಲ್ಲರ ಲೆಕ್ಕವೂ ಮುಂಗಡದಿಂದಲೇ ಶುರುವಾಗುತ್ತದೆ.

ಮೇಸ್ತ್ರಿ ಮನೆಗೆ ಬಂದಾಗ ಏನು ಕೇಳುತ್ತಾನೆ ನೆನಪು ಮಾಡಿಕೊಳ್ಳಿ. ಎಷ್ಟು ಜನ ಬರುತ್ತೀರಿ ಎಂದು ಕೇಳುವುದಿಲ್ಲ, ಎಷ್ಟು ಜೋಡಿ ಎಂದು ಕೇಳುತ್ತಾನೆ. ಒಂಟಿ ಗಂಡಸಿಗೆ ಒಂದು ಮುಂಗಡ, ಜೋಡಿಗೆ ಒಂದು ಮುಂಗಡ. ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವವರಲ್ಲಿ ಗಂಡಹೆಂಡತಿ ಸೇರಿದ ಜೋಡಿಗೆ ‘ಕೊಯ್ತಾ’ ಎನ್ನುತ್ತಾರೆ. ಅದು ಕಬ್ಬು ಕಡಿಯುವ ಕತ್ತಿಯ ಹೆಸರು. ಇಬ್ಬರೂ ಸೇರಿ ಒಂದು ಕತ್ತಿ! ಮದುವೆಯ ದಿನ ಗುರುಗಳು ನಿಮ್ಮಿಬ್ಬರನ್ನು ಒಂದೇ ಶರೀರ ಎಂದರು. ಅದನ್ನು ಮರೆಯದೆ ನೆನಪಿಟ್ಟುಕೊಂಡವನು ಗುತ್ತೇದಾರನೊಬ್ಬನೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮುಂಗಡ ಇಬ್ಬರ ದುಡಿಮೆಯ ಮೇಲೆ ಬರುತ್ತದೆ, ಇಬ್ಬರೂ ದುಡಿದು ತೀರಿಸುತ್ತಾರೆ. ಎಣಿಸಿಕೊಳ್ಳುವುದು ಮಾತ್ರ ಒಂದೇ ಕೈ. ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂಬುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ನಮ್ಮ ಕಡೆಯ ಒಂದು ಜೋಡಿಯ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಹೇಳುವುದಿಲ್ಲ. ಯಾರೆಂದು ಹುಡುಕಲು ಹೋಗಬೇಡಿ, ಹುಡುಕಿದರೆ ಎಲ್ಲ ಮನೆಯಲ್ಲೂ ಸಿಗುತ್ತಾರೆ.

ಅವರು ತೆಗೆದುಕೊಂಡ ಮುಂಗಡ 60,000 ರೂಪಾಯಿ. ಆರು ತಿಂಗಳ ಕೆಲಸ. ಗಂಡನಿಗೆ ದಿನಕ್ಕೆ 500, ಹೆಂಡತಿಗೆ 400. ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೂಲಿ ಕೊಡಬಾರದೆಂದು 1976ರಲ್ಲೇ ಕಾನೂನು ಬಂದಿತ್ತು, 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ಅದನ್ನು ಯೂನಿಯನ್ ಸಭೆಯಲ್ಲಿ ಬೇರೆಯಾಗಿ ಮಾತನಾಡೋಣ. ತಿಂಗಳಿಗೆ 24 ದಿನದ ಕೆಲಸವೆಂದರೆ ಜೋಡಿಗೆ 21,600 ರೂಪಾಯಿ, ಆರು ತಿಂಗಳಿಗೆ 1,29,600. ವಾರದ ಖರ್ಚಿ 1,500ರಂತೆ 26 ವಾರಕ್ಕೆ 39,000 ಕಳೆಯಿತು. ಮುಂಗಡ 60,000 ಕಳೆಯಿತು. ಮುಂಗಡದ ಮೇಲೆ ನೂರಕ್ಕೆ ಮೂರರ ಬಡ್ಡಿ, ತಿಂಗಳಿಗೆ 1,800, ಆರು ತಿಂಗಳಿಗೆ 10,800. ಉಳಿದದ್ದು 19,800. ಮಳೆಯಲ್ಲಿ, ಜ್ವರದಲ್ಲಿ ತಪ್ಪಿದ 15 ದಿನಕ್ಕೆ 13,500 ಹೋಯಿತು. ರೈಲು ಖರ್ಚು, ಔಷಧಿ ಎಂದು ಮೇಸ್ತ್ರಿ ಬರೆದುಕೊಂಡದ್ದು 4,000. ಇಬ್ಬರು ಆರು ತಿಂಗಳು ದುಡಿದು ಊರಿಗೆ ತಂದದ್ದು 2,300 ರೂಪಾಯಿ. ಬಾಕಿ ಉಳಿಸಿಕೊಂಡು ಬರಲಿಲ್ಲವಲ್ಲ ಎಂದು ನೆರೆಯವರು ಅವರನ್ನು ಪುಣ್ಯವಂತರು ಎಂದರು.

ಈಗ ಇದನ್ನೇ ಇನ್ನೊಮ್ಮೆ ನಿಧಾನವಾಗಿ ನೋಡಿ. ತಿಂಗಳ ಕೂಲಿ 21,600ರಲ್ಲಿ ಖರ್ಚಿ ಸುಮಾರು 6,500. ಉಳಿದ 15,100 ಮೇಸ್ತ್ರಿಯ ಹತ್ತಿರವೇ ನಿಲ್ಲುತ್ತದೆ. ನಾಲ್ಕು ತಿಂಗಳಿಗೆ ಅದು 60,400. ಎಂದರೆ ನಾಲ್ಕನೆಯ ತಿಂಗಳು ಮುಗಿಯುವಾಗಲೇ ಮುಂಗಡದ ಅಸಲು ಪೂರ್ತಿ ಅವನ ಕೈ ಸೇರಿತು. ಐದನೆಯ, ಆರನೆಯ ತಿಂಗಳಲ್ಲಿ ಸಾಲ ಕೊಟ್ಟವರು ಯಾರು? ನೀವು. ಮೇಸ್ತ್ರಿ ನಿಮ್ಮ ದುಡ್ಡನ್ನು ಬಡ್ಡಿಯಿಲ್ಲದೆ ಇಟ್ಟುಕೊಂಡಿದ್ದ, ನೀವು ಅವನಿಗೆ 60,000ದ ಮೇಲೆ ಬಡ್ಡಿ ಕೊಡುತ್ತಿದ್ದಿರಿ. ತಿಂಗಳು ತಿಂಗಳು ಕಡಿಮೆಯಾಗುವ ಅಸಲಿಗೆ ಮಾತ್ರ ಬಡ್ಡಿ ಹಿಡಿದಿದ್ದರೆ ಅದು ಸುಮಾರು 4,500 ರೂಪಾಯಿ ಆಗುತ್ತಿತ್ತು. 6,300 ರೂಪಾಯಿ ಹೆಚ್ಚು ಹೋಯಿತು. ಎಂಟನೆಯ ತರಗತಿಯ ಹುಡುಗಿ ಮಾಡಬಹುದಾದ ಲೆಕ್ಕ ಇದು. ಆದರೆ ಲೆಕ್ಕ ಮಾಡಲು ದಿನದ ಹಾಜರಿ, ವಾರದ ಖರ್ಚಿ ಬರೆದಿಟ್ಟಿರಬೇಕು. ಮೇಸ್ತ್ರಿಯ ಪುಸ್ತಕ ಒಂದೇ ಇದ್ದರೆ ಅವನು ಓದಿದ್ದೇ ಲೆಕ್ಕ.

ಇದು ಹೊರಗಿನ ಲೆಕ್ಕವಾಯಿತು. ಮನೆಯ ಒಳಗಿನ ಲೆಕ್ಕಕ್ಕೆ ಬರೋಣ.

ಆ 60,000 ಎಲ್ಲಿಗೆ ಹೋಯಿತು? ಸಾವುಕಾರನಿಗೆ 25,000, ಗಂಡನ ತಂಗಿಯ ಮದುವೆಗೆ 15,000, ಅವನ ತಾಯಿಯ ಆಸ್ಪತ್ರೆಗೆ 8,000, ಬೀಜಕ್ಕೆ 5,000. ಉಳಿದ 7,000ಕ್ಕೆ ಹೆಸರಿಲ್ಲ. ‘ಖರ್ಚಾಯಿತು’ ಎಂದ. ಹೆಂಡತಿ ಮುಂದೆ ಕೇಳಲಿಲ್ಲ. ಆಕೆ ಏಕೆ ಕೇಳಲಿಲ್ಲವೆಂದರೆ ಆಕೆಯೂ ಒಂದು ಹೇಳದ ಮಾತನ್ನು ಇಟ್ಟುಕೊಂಡಿದ್ದಳು. ತನ್ನ ತವರಿನ ತಾಯಿಯ ಕಾಯಿಲೆಗೂ ಮಗನ ಹಾಸ್ಟೆಲ್ಲಿಗೂ ಗುಂಪಿನ ಸಾಲ 30,000 ತೆಗೆದಿದ್ದಳು. ವಾರಕ್ಕೆ 680ರಂತೆ 50 ವಾರದ ಕಂತು. ಕೆಲಸದ ಜಾಗದಲ್ಲಿ 1,500 ಖರ್ಚಿ ಬಂದ ಕೂಡಲೇ 680 ಊರಿಗೆ ಕಳಿಸುತ್ತಿದ್ದಳು. ಉಳಿದ 820ರಲ್ಲಿ ನಾಲ್ಕು ಹೊಟ್ಟೆ. ಗಂಡನಿಗೆ ಅಕ್ಕಿ ಏಕೆ ಸಾಲುವುದಿಲ್ಲವೆಂಬುದೇ ಅರ್ಥವಾಗಲಿಲ್ಲ. ‘ತವರಿಗೆ ಸಾಗಿಸುತ್ತಾಳೆ’ ಎಂದು ಜಗಳ ತೆಗೆದ, ಒಂದೆರಡು ಸಲ ಕೈಯನ್ನೂ ಎತ್ತಿದ. ಹೇಳಿದರೆ ಅವನು ಸಿಟ್ಟಾಗುತ್ತಾನೆಂದು ಆಕೆ ಹೇಳಲಿಲ್ಲ. ಹೇಳಿದರೆ ಆಕೆ ಕೊರಗುತ್ತಾಳೆಂದು ಅವನು ಹೇಳಲಿಲ್ಲ. ಒಂದೇ ಚಾಪೆಯ ಮೇಲೆ ಮಲಗಿ ಇಬ್ಬರೂ ಬೇರೆ ಬೇರೆ ಸಾಲವನ್ನು ನೆನೆಯುತ್ತಾ ಎಚ್ಚರವಾಗಿರುತ್ತಿದ್ದರು.

ಹೀಗೆ ಮುಚ್ಚಿಡುವುದರಲ್ಲಿ ಪ್ರೀತಿಯೂ ಇದೆ ಎಂದು ನಾನು ಒಪ್ಪುತ್ತೇನೆ. ಆದರೆ ಸಾಲಕ್ಕೆ ಬೇಕಾದದ್ದು ಆ ಮರೆಯೇ. ಇಬ್ಬರಿಗೂ ಗೊತ್ತಿರುವ ಸಾಲಕ್ಕೆ ಒಂದು ಗಡುವು ಇರುತ್ತದೆ. ಒಬ್ಬರಿಗೇ ಗೊತ್ತಿರುವ ಸಾಲವನ್ನು ತೀರಿಸಲು ಇನ್ನೊಂದು ಗುಟ್ಟಿನ ಸಾಲ ಬೇಕಾಗುತ್ತದೆ.

ಕ್ರಿಸ್ಮಸ್ಸಿಗೆ ಊರಿಗೆ ಬಂದಾಗ ಅವರಿಬ್ಬರೂ ಒಂದು ಕೆಲಸ ಮಾಡಿದರು. ಒಬ್ಬೊಬ್ಬರು ಒಂದೊಂದು ಕಾಗದದಲ್ಲಿ ತಮಗೆ ಗೊತ್ತಿರುವ ಸಾಲವನ್ನೆಲ್ಲ ಬರೆದರು. ಆಕೆಗೆ ಬರೆಯಲು ಬರುವುದಿಲ್ಲ, ಮಗಳು ಬರೆದುಕೊಟ್ಟಳು. ಅವನ ಕಾಗದದಲ್ಲಿ ಸಾವುಕಾರನಿಗೆ 40,000, ಗೆಳೆಯನಿಗೆ 6,000, ಅಂಗಡಿಯ ಉದ್ರಿ 4,000. ಆಕೆಯ ಕಾಗದದಲ್ಲಿ ಗುಂಪಿಗೆ ಇನ್ನು ಕಟ್ಟಬೇಕಾದದ್ದು 14,000, ಬ್ಯಾಂಕಿನಲ್ಲಿ ಅಡವಿಟ್ಟ ಕಿವಿಯೋಲೆಗೆ 9,000, ಅಕ್ಕನಿಗೆ 3,000. ಅವನು ಮನೆಯ ಸಾಲ 50,000 ಎಂದುಕೊಂಡಿದ್ದ, ಆಕೆ 26,000ಕ್ಕೆ ಹೆದರಿದ್ದಳು. ಎರಡು ಕಾಗದ ಸೇರಿದಾಗ 76,000. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲವಂತೆ.

ಮರುದಿನ ಊಟ ಮಾಡಿದರು, ಕುಳಿತು ಯೋಚಿಸಿದರು. ಮುಂದಿನ ಸಲ ಮುಂಗಡ 25,000ಕ್ಕಿಂತ ಹೆಚ್ಚು ಬೇಡವೆಂದು ನಿಶ್ಚಯಿಸಿದರು. ಮೇಸ್ತ್ರಿಗೆ ಇದು ಹಿಡಿಸಲಿಲ್ಲ, ಹೆಚ್ಚು ತೆಗೆದುಕೊ ಎಂದು ಒತ್ತಾಯ ಮಾಡಿದ. ಬೇಡವೆಂದವನಿಗೆ ಸಾಲ ಕೊಡಲು ಯಾರಾದರೂ ಒತ್ತಾಯ ಮಾಡಿದರೆ ಆ ಸಾಲದಿಂದ ಲಾಭ ಯಾರಿಗೆ ಎಂದು ಯೋಚಿಸಿ. ಗುಂಪಿನ ಸಾಲ ಮುಗಿಯಲು ಹತ್ತಿರವಿತ್ತು, ಅದನ್ನು ಮೊದಲು ಮುಗಿಸಿದರು. ಅದು ಮುಗಿದ ವಾರದಿಂದ ಅದೇ 680 ರೂಪಾಯಿಯನ್ನು ಖರ್ಚಿಗೆ ಸೇರಿಸಿಕೊಳ್ಳದೆ ಸಾವುಕಾರನಿಗೆಂದು ಎತ್ತಿಟ್ಟರು. ಸಾವುಕಾರರು ಅಸಲನ್ನು ಚಿಲ್ಲರೆಯಾಗಿ ತೆಗೆದುಕೊಳ್ಳಲು ಇಷ್ಟಪಡುವುದಿಲ್ಲ, ಬಡ್ಡಿ ಕೊಡು, ಅಸಲು ಒಟ್ಟಿಗೆ ಕೊಡು ಎನ್ನುತ್ತಾರೆ. ಆದ್ದರಿಂದ ಬ್ಯಾಂಕಿನಲ್ಲಿ ಕೂಡಿಟ್ಟು 5,000 ಆದಾಗಲೆಲ್ಲ ಇಬ್ಬರೂ ಒಟ್ಟಿಗೆ ಹೋಗಿ ಅಸಲಿಗೆ ಕಟ್ಟಿ, ಕಾಗದದ ಮೇಲೆ ಬರೆಸಿಕೊಂಡು ಬಂದರು. ಹೆಂಡತಿಯೂ ಬಂದು ನಿಂತದ್ದಕ್ಕೆ ಸಾವುಕಾರ ನಕ್ಕನಂತೆ. ನಗಲಿ. ನಡುವೆ ಒಂದು ಹೆರಿಗೆ, ಒಂದು ಸಾವು ಬಂದವು, ಲೆಕ್ಕ ಎರಡು ಸಲ ತಪ್ಪಿತು. ಎರಡು ವರ್ಷ ದಾಟಿದೆ. ಇನ್ನೂ 11,000 ಇದೆ. ಕಿವಿಯೋಲೆ ಮಾತ್ರ ಹೋದ ಈಸ್ಟರಿಗೆ ಆಕೆಯ ಕಿವಿಗೆ ಬಂದಿದೆ.

ಉಪದೇಶಿಯಾದವನು ಇಷ್ಟು ಹೊತ್ತು ರೂಪಾಯಿ ಎಣಿಸುತ್ತಿದ್ದಾನೆ, ದೇವರ ವಾಕ್ಯ ಯಾವಾಗ ಹೇಳುತ್ತಾನೆ ಎಂದು ಕೆಲವರು ನೋಡುತ್ತಿದ್ದೀರಿ. ಪವಿತ್ರ ಗ್ರಂಥವೇ ರೂಪಾಯಿ ಎಣಿಸುತ್ತದೆ, ನಾವು ಆ ಪುಟಗಳನ್ನು ಓದುವುದು ಕಡಿಮೆ. ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯ ತೆಗೆಯಿರಿ. ಬರಗಾಲದಲ್ಲಿ ಜನ ಹೊಲ, ದ್ರಾಕ್ಷಿ ತೋಟ, ಮನೆಗಳನ್ನು ಒತ್ತೆಯಿಟ್ಟು ಕಾಳು ತಂದಿದ್ದರು, ರಾಜನ ಕಂದಾಯಕ್ಕೆ ಸಾಲ ಮಾಡಿದ್ದರು, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದರು. ಆಗ ಗೋಳಿಟ್ಟವರು ಯಾರು? ಗಂಡಸರು ಮಾತ್ರವಲ್ಲ, ಅವರ ಹೆಂಡಂದಿರೂ ಎಂದು ಗ್ರಂಥ ಎತ್ತಿ ಹೇಳುತ್ತದೆ. ಗಂಡಹೆಂಡಿರು ಒಂದಾಗಿ ಸಾಲದ ಮಾತನ್ನು ಹೊರಗೆ ಆಡಿದ ಮೇಲೆ ನೆಹೆಮೀಯ ದೊಡ್ಡ ಸಭೆ ಸೇರಿಸಿದ, ಸಾಲ ಕೊಟ್ಟಿದ್ದ ಶ್ರೀಮಂತರನ್ನು ಎದುರಿಗೆ ನಿಲ್ಲಿಸಿದ, ಹೊಲಮನೆ ಹಿಂದಿರುಗಿಸಲು ಒಪ್ಪಿಸಿದ, ವಸೂಲಿ ಮಾಡುತ್ತಿದ್ದ ನೂರರ ಒಂದು ಪಾಲನ್ನೂ ಬಿಡಿಸಿದ. ಆ ನೂರಕ್ಕೆ ಒಂದು ತಿಂಗಳ ಬಡ್ಡಿ ಇದ್ದಿರಬೇಕೆಂದು ಅನೇಕ ಪಂಡಿತರು ವಿವರಿಸುತ್ತಾರೆ. ನೂರಕ್ಕೆ ಒಂದಕ್ಕೇ ನೆಹೆಮೀಯನಿಗೆ ಅಷ್ಟು ಕೋಪ ಬಂತು. ನಾವು ನೂರಕ್ಕೆ ಮೂರು ಕೊಟ್ಟು ಸಾವುಕಾರ ಒಳ್ಳೆಯವನು ಎನ್ನುತ್ತೇವೆ.

ಎರಡನೆಯ ಅರಸುಗಳ ಗ್ರಂಥದಲ್ಲಿ ಒಬ್ಬ ವಿಧವೆಯ ಕಥೆ ನಿಮಗೆಲ್ಲ ಗೊತ್ತು. ಗಂಡ ದೇವಭಕ್ತ, ಪ್ರವಾದಿಗಳ ಗುಂಪಿನವನು. ಆದರೂ ಸಾಲ ಬಿಟ್ಟು ಸತ್ತ. ಸಾಲಗಾರ ಇಬ್ಬರು ಗಂಡುಮಕ್ಕಳನ್ನು ಹಿಡಿದುಕೊಂಡು ಹೋಗಲು ಬಂದ. ಭಕ್ತಿಯಿದ್ದರೆ ಸಾಲವಾಗುವುದಿಲ್ಲ ಎನ್ನುವವರು ಈ ಕಥೆಯನ್ನು ಇನ್ನೊಮ್ಮೆ ಓದಬೇಕು. ಪ್ರವಾದಿ ಎಲೀಷ ಆಕೆಯನ್ನು ಕೇಳಿದ ಮಾತು, ನಿನ್ನ ಮನೆಯಲ್ಲಿ ಏನಿದೆ ಎಂದು. ಒಂದು ಮೊಗೆ ಎಣ್ಣೆ ಇತ್ತು. ನೆರೆಹೊರೆಯವರಿಂದ ತರಲು ಹೇಳಿದ್ದು ಏನು? ಖಾಲಿ ಪಾತ್ರೆಗಳನ್ನು, ದುಡ್ಡನ್ನಲ್ಲ. ಎಣ್ಣೆ ತುಂಬಿದ ಮೇಲೆ ಮೊದಲು ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಜೀವಿಸಿ ಎಂದ. ನಮ್ಮಲ್ಲಿ ಕ್ರಮ ತಿರುವುಮುರುವು. ಮೊದಲು ಜೀವನ, ಆಮೇಲೆ ಹಬ್ಬ, ಉಳಿದರೆ ಸಾಲ. ಉಳಿಯುವುದಿಲ್ಲ.

ಹಬ್ಬದ ಮಾತು ಬಂತು, ಹೇಳಿಬಿಡುತ್ತೇನೆ. ಮಗುವಿನ ಜ್ಞಾನಸ್ನಾನಕ್ಕೆ ಬೇಕಾದದ್ದು ನೀರು, ಒಂದು ಮೇಣದಬತ್ತಿ, ನಂಬಿಕೆಯಿರುವ ತಂದೆತಾಯಿ. ಐವತ್ತು ಜನಕ್ಕೆ ಮಾಂಸದೂಟ ಬೇಕೆಂದು ಶ್ರೀಸಭೆ ಯಾವ ಕಾಲದಲ್ಲೂ ಹೇಳಿಲ್ಲ. ಮೊದಲ ಪರಮಪ್ರಸಾದದ ಬಿಳಿ ಬಟ್ಟೆಗೆ ಸಾಲ ಮಾಡಿದವರನ್ನು ಕಂಡಿದ್ದೇನೆ. ಒಂದೇ ಬಟ್ಟೆಯನ್ನು ನಾಲ್ಕು ಮಕ್ಕಳು ವರ್ಷ ವರ್ಷ ಉಟ್ಟರೆ ದೇವರಿಗೆ ಗುರುತು ಸಿಗದೆ ಹೋಗುವುದಿಲ್ಲ. ಮದುವೆ ಮಾತುಕತೆಯಲ್ಲಿ ಎಷ್ಟು ತೊಲೆ ಬಂಗಾರ ಎಂದು ಎರಡು ಕಡೆಯವರೂ ಕೇಳುತ್ತಾರೆ. ಹುಡುಗನಿಗೆ ಎಷ್ಟು ಸಾಲವಿದೆ, ಹುಡುಗಿಯ ಹೆಸರಿನಲ್ಲಿ ಎಷ್ಟು ತೆಗೆದಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಮದುವೆಯ ಸಿದ್ಧತೆಯ ಪಾಠಕ್ಕೆ ಬರುವ ಜೋಡಿಗಳಿಗೆ ನಾನು ಈಗ ಆ ಪ್ರಶ್ನೆಯನ್ನು ಕೇಳುತ್ತಿದ್ದೇನೆ. ಒಂದಿಬ್ಬರು ತಂದೆತಾಯಿಗಳು ನನ್ನ ಮೇಲೆ ಸಿಟ್ಟಾಗಿದ್ದಾರೆ.

ಮುಂಗಡ ತಪ್ಪೇ ಎಂದು ಕೇಳುತ್ತೀರಿ. ಮುಂಗಡ ಕೊಟ್ಟದ್ದೇ ಅಪರಾಧವಲ್ಲ. ಆದರೆ ಮುಂಗಡದ ಹೆಸರಿನಲ್ಲಿ ನಿಮ್ಮನ್ನು ಬೇರೆ ಕೆಲಸಕ್ಕೆ ಹೋಗದಂತೆ ತಡೆದರೆ, ಊರಿಗೆ ಬಿಡದಿದ್ದರೆ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾನೂನಿನಂತೆ ಅಂಥ ಸಾಲವನ್ನು ತೀರಿಸಬೇಕಾದ ಹೊಣೆಯೇ ಇಲ್ಲ. ದೂರನ್ನು ಜಿಲ್ಲಾಧಿಕಾರಿಗೆ ಕೊಡಬೇಕು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಬಲವಂತದ ದುಡಿಮೆ ಎಂದು 1982ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಿಂದೆ ಹೀಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ 1859ರ ಕಾನೂನೊಂದಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ದುಡಿಯಬೇಕು ಇಲ್ಲವೆ ಹಣ ಕಟ್ಟಬೇಕು ಎಂದು ಆಜ್ಞೆ ಮಾಡಿಸಿ, ಕೇಳದಿದ್ದರೆ ಸೆರೆಮನೆಗೆ ಕಳಿಸಬಹುದಿತ್ತು. ಅದನ್ನು ರದ್ದುಮಾಡುವ ಕಾನೂನು ಬಂದದ್ದು 1925ರಲ್ಲಿ. ಕಾನೂನು ಹೋಗಿ ನೂರು ವರ್ಷವಾದರೂ ಮುಂಗಡ ತಿಂದು ಓಡಿಹೋದ ಎಂಬ ಬೈಗುಳ ಉಳಿದುಕೊಂಡಿದೆ. ಪೊಲೀಸರ ಹೆಸರು ಹೇಳಿ ಹೆದರಿಸಿದರೆ ಯೂನಿಯನ್ನಿಗೆ ಬನ್ನಿ.

ಈಗ ಗುಂಪಿನ ಸಾಲ. ಹೆಂಗಸರ ಸಂಘಗಳನ್ನು ನಾನು ಎಂದಿಗೂ ಹಳಿಯುವುದಿಲ್ಲ. ನಮ್ಮ ಹಳೆಯ ಮಹಬೂಬನಗರ ಜಿಲ್ಲೆಯಲ್ಲೇ 1990ರ ದಶಕದಲ್ಲಿ ವಿಶ್ವಸಂಸ್ಥೆಯ ಯೋಜನೆಯಡಿ ಬಡ ಹೆಂಗಸರು ಉಳಿತಾಯ ಸಂಘ ಕಟ್ಟಿ ತೋರಿಸಿದ್ದಾರೆ. ತಮ್ಮ ಉಳಿತಾಯ, ತಮ್ಮ ತೀರ್ಮಾನ, ತಮ್ಮ ಬಡ್ಡಿ. ನಾನು ಹೇಳುತ್ತಿರುವುದು ಮನೆ ಬಾಗಿಲಿಗೆ ಬಂದು ಅರ್ಧ ಗಂಟೆಯಲ್ಲಿ ಸಾಲ ಕೊಡುವ ಕಂಪನಿಗಳ ವಿಷಯ. ಒಂದೇ ಮನೆಗೆ ನಾಲ್ಕೈದು ಕಡೆಯ ಸಾಲ, ವಸೂಲಿಯ ಕಿರುಕುಳ, ಅವಮಾನ ತಾಳದೆ ಆತ್ಮಹತ್ಯೆಗಳು ಆದಾಗ 2010ರ ಅಕ್ಟೋಬರಿನಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹೊಳೆಯಾಚೆ ಕರ್ನಾಟಕದಲ್ಲಿ ಅದೇ ಗೋಳು ಎದ್ದು 2025ರ ಫೆಬ್ರವರಿಯಲ್ಲಿ ಅಲ್ಲಿಯೂ ಸುಗ್ರೀವಾಜ್ಞೆ ಬಂತು. ಹದಿನೈದು ವರ್ಷದಲ್ಲಿ ಗೋಳು ಹೊಳೆ ದಾಟಿತ್ತು, ಅಷ್ಟೇ.

ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮಗಳಲ್ಲಿ ಮೂರು ಮಾತು ನೆನಪಿಡಿ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಇಷ್ಟೂ ಸೇರಿ ಒಂದು ಕುಟುಂಬ ಎಂದು ಅದು ಎಣಿಸುತ್ತದೆ. ಆ ಕುಟುಂಬ ಕಟ್ಟುವ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡಬಾರದು. ಸಾಲದ ಕಾರ್ಡನ್ನು ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ನಮ್ಮದು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕಂಪನಿಯ ಕಾಗದದಲ್ಲಿ ಇಂಗ್ಲಿಷು. ಓದಿ ಹೇಳುವವರು ಸಿಗುವ ತನಕ ಹೆಬ್ಬೆಟ್ಟು ಒತ್ತಬೇಡಿ, ಒಂದು ದಿನ ತಡವಾದರೆ ಕಂಪನಿ ಓಡಿಹೋಗುವುದಿಲ್ಲ. ನೋಡಿ, ಮೇಸ್ತ್ರಿ ನಿಮ್ಮನ್ನು ಜೋಡಿ ಎನ್ನುತ್ತಾನೆ, ರಿಸರ್ವ್ ಬ್ಯಾಂಕು ಒಂದು ಕುಟುಂಬ ಎನ್ನುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಎರಡು ಕಾಗದ.

ದಿನದ ವಸೂಲಿಯ ಸಾಲದ ಬಗ್ಗೆ ಒಂದೇ ಮಾತು. 10,000 ಎಂದು ಬರೆದು 9,000 ಕೈಗೆ ಕೊಟ್ಟು, ದಿನಕ್ಕೆ 100ರಂತೆ ನೂರು ದಿನ ವಸೂಲು ಮಾಡುತ್ತಾರೆ. ನೂರಕ್ಕೆ ಹತ್ತೇ ತಾನೆ ಎನ್ನುತ್ತೀರಿ. ಮೊದಲ ದಿನದಿಂದಲೇ ಹಿಂದಕ್ಕೆ ಕೊಡುತ್ತಾ ಬರುವುದರಿಂದ ನಿಮ್ಮ ಕೈಯಲ್ಲಿ ಸರಾಸರಿ ಇದ್ದದ್ದು ನಾಲ್ಕೂವರೆ ಸಾವಿರ. ಅದಕ್ಕೆ ಮೂರು ತಿಂಗಳು ಹತ್ತು ದಿನಕ್ಕೆ 1,000 ಬಡ್ಡಿ. ವರ್ಷಕ್ಕೆ ನೂರಕ್ಕೆ ಎಂಬತ್ತರ ಹತ್ತಿರ ಹೋಗುತ್ತದೆ. ಮೊಬೈಲಿನಲ್ಲಿ ಬರುವ ಸಾಲ ಇದಕ್ಕಿಂತಲೂ ಕೆಟ್ಟದ್ದಾಗಬಹುದು. ಅದರ ಹತ್ತಿರ ಹೋಗಬೇಡಿ.

ತೋಟದಲ್ಲಿ ನಿಂತ ಕುಟುಂಬಗಳಿಗೆ ಒಂದು ಮಾತು. ನಿಮ್ಮ ಕೂಲಿಯಲ್ಲಿ ಭವಿಷ್ಯನಿಧಿಗೆ ಹಣ ಹಿಡಿಯುತ್ತಿದ್ದರೆ ಅದು ನಿಮ್ಮಿಬ್ಬರ ಮುಪ್ಪಿನ ಗಂಟು. ಎಷ್ಟು ಸೇರಿದೆ ಎಂದು ವರ್ಷಕ್ಕೊಮ್ಮೆಯಾದರೂ ಇಬ್ಬರೂ ಕುಳಿತು ನೋಡಿ. ಮದುವೆಗೆ ಮೊದಲು ಅಣ್ಣನ ಹೆಸರನ್ನೋ ತಾಯಿಯ ಹೆಸರನ್ನೋ ಬರೆಸಿದ್ದರೆ ಮದುವೆಯಾದ ಮೇಲೆ ಆ ನಾಮನಿರ್ದೇಶನ ನಿಲ್ಲುವುದಿಲ್ಲ, ಹೊಸದಾಗಿ ಮಾಡಿಸಬೇಕು. ಎಷ್ಟೋ ಮನೆಗಳಲ್ಲಿ ಇದನ್ನು ಮಾಡಿಸಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ ಇವೆ, ಒಂದೊಂದಕ್ಕೂ 2 ಲಕ್ಷ. ಜೋಡಿಯಲ್ಲಿ ಒಬ್ಬರು ಮಾತ್ರ ಮಾಡಿಸಿದರೆ ಸಾಲದು. ಮರ ಕಸಿ ಮಾಡುವವನು ಬಿದ್ದರೆ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರೆ. ತಾಯಿ ಹೋದರೂ ಮನೆ ಮುರಿಯುತ್ತದೆ. ತೋಟದ ಅಂಗಡಿಯ ಉದ್ರಿ ಪುಸ್ತಕ ಅಂಗಡಿಯವನ ಹತ್ತಿರ ಇದ್ದರೆ, ನಿಮ್ಮ ಹತ್ತಿರವೂ ಒಂದು ಇರಲಿ.

ಇಬ್ಬರಿಂದ ಆಗದ್ದು ಇಪ್ಪತ್ತು ಜೋಡಿಯಿಂದ ಆಗುತ್ತದೆ. ಗದಗಿನ ಹತ್ತಿರ ಕಣಗಿನಹಾಳ ಎಂಬ ಹಳ್ಳಿಯಿದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘ ದೇಶದ ಮೊದಲ ಸಹಕಾರಿ ಸಂಘವೆಂದು ಹೆಸರಾಗಿದೆ. ಸಾವುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ಕನ್ನಡದ ರೈತರೇ ಕಂಡುಕೊಂಡ ದಾರಿ ಅದು. ನಾವೇನೂ ಹೊಸದನ್ನು ಕೇಳುತ್ತಿಲ್ಲ.

ಚೀಟಿಗಳಲ್ಲಿ ಪ್ರಶ್ನೆ ಬರೆದು ಕೊಡಿ ಎಂದಿದ್ದೆ. ಒಂದು ಚೀಟಿಯಲ್ಲಿ ಹೀಗಿದೆ: ‘ಲೆಕ್ಕ ಕೇಳಿದರೆ ಹೊಡೆಯುತ್ತಾನೆ, ಏನು ಮಾಡಲಿ?’ ಹೆಸರಿಲ್ಲ, ಬೇಕಾಗಿಯೂ ಇಲ್ಲ. ಅಕ್ಕಾ, ನೋಟುಬುಕ್ಕು ನಿನ್ನ ಪ್ರಾಣಕ್ಕಿಂತ ದೊಡ್ಡದಲ್ಲ. ಕುಡಿದಾಗ ಕೇಳಬೇಡ, ಒಬ್ಬಳೇ ಇರುವಾಗ ಕೇಳಬೇಡ. ನಿನ್ನ ಕೂಲಿ ನಿನ್ನ ಹೆಸರಿನ ಖಾತೆಗೇ ಬರುವಂತೆ ಮಾಡಿಸು, ನಾವು ಜೊತೆಗೆ ಬರುತ್ತೇವೆ. ಹೆಂಡತಿಯ ದುಡಿಮೆಯನ್ನು, ಆಕೆಯ ಒಡವೆಯನ್ನು ಕಿತ್ತುಕೊಳ್ಳುವುದೂ ಹಿಂಸೆಯೇ ಎಂದು 2005ರ ಕೌಟುಂಬಿಕ ಹಿಂಸೆಯ ಕಾನೂನು ಹೇಳುತ್ತದೆ. 181ಕ್ಕೆ ಫೋನು ಮಾಡಬಹುದು. ಸಹಿಸಿಕೊಂಡು ಹೋಗು ಎಂದು ನಾನು ಹೇಳುವುದಿಲ್ಲ. ಅಂಥ ಉಪದೇಶ ಯಾರಾದರೂ ನನ್ನ ಹೆಸರಿನಲ್ಲಿ ಕೊಟ್ಟರೆ ನಂಬಬೇಡ. ಅಣ್ಣಂದಿರೇ, ಈ ಚೀಟಿ ನಿಮ್ಮಲ್ಲಿ ಒಬ್ಬರ ಮನೆಯಿಂದ ಬಂದಿದೆ.

ಇನ್ನೊಂದು ಚೀಟಿ ಗಂಡಸಿನದು. ‘ಇಬ್ಬರೂ ಸೇರಿ ಸಂಘಕ್ಕೆ ಸುಳ್ಳು ಆದಾಯ ಬರೆಸಿ ಹೆಚ್ಚು ಸಾಲ ತೆಗೆದಿದ್ದೇವೆ, ಇದೂ ಒಗ್ಗಟ್ಟಲ್ಲವೇ?’ ಎಂದು ಕೇಳಿದ್ದಾರೆ. ನಕ್ಕೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಅನನೀಯ, ಸಫೈರ ಎಂಬ ಗಂಡಹೆಂಡತಿಯೂ ಬಹಳ ಒಗ್ಗಟ್ಟಿನಿಂದ ಸುಳ್ಳು ಲೆಕ್ಕ ಕೊಟ್ಟರು. ಅವರಿಗೆ ಏನಾಯಿತೆಂದು ಮನೆಗೆ ಹೋಗಿ ಓದಿಕೊಳ್ಳಿ. ಮೊದಲು ಆ ಹೆಚ್ಚಿನ ಹಣ ಖರ್ಚಾಗಿಲ್ಲದಿದ್ದರೆ ನಾಳೆಯೇ ಹಿಂದಕ್ಕೆ ಕಟ್ಟಿ, ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ.

ಬಾಗಿಲ ಹತ್ತಿರದ ಮೇಜಿನ ಮೇಲೆ ನೋಟುಬುಕ್ಕುಗಳಿವೆ, ಜೋಡಿಗೆ ಒಂದು. ಮೊದಲ ಪುಟದಲ್ಲಿ ಇಬ್ಬರ ಸಾಲವನ್ನೂ ಬರೆಯಿರಿ: ಯಾರಿಗೆ, ಎಷ್ಟು, ಬಡ್ಡಿ ನೂರಕ್ಕೆ ಎಷ್ಟು, ಅಡವಿಟ್ಟದ್ದು ಏನು. ಎರಡನೆಯ ಪುಟದಿಂದ ದಿನದ ಹಾಜರಿ, ಅವನದು ಬೇರೆ, ಆಕೆಯದು ಬೇರೆ. ವಾರದ ಖರ್ಚಿ ಬಂದ ದಿನ ಮೇಸ್ತ್ರಿಯ ಕೈಯಿಂದ ರುಜು ಹಾಕಿಸಿ, ಹಾಕದಿದ್ದರೆ ಜೊತೆಯ ಇನ್ನೊಂದು ಜೋಡಿಯ ರುಜು ಹಾಕಿಸಿ. ಶನಿವಾರ ರಾತ್ರಿ ಜಪಮಾಲೆಯಾದ ಮೇಲೆ ಮಕ್ಕಳಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದಲಿ. ಸೋಮವಾರ ಹೊರಡುವ ಮೂರು ತಂಡದವರು ಲಾರಿ ಹತ್ತುವ ಮೊದಲು ಮೇಸ್ತ್ರಿಯ ಹೆಸರು, ಅವನ ಊರು, ಕೆಲಸದ ಜಾಗ, ಪಡೆದ ಮುಂಗಡ, ಒಪ್ಪಿದ ಕೂಲಿ, ಇಷ್ಟನ್ನು ಬರೆದು ಒಂದು ಪ್ರತಿಯನ್ನು ದೇವಾಲಯದಲ್ಲಿ ಬಿಟ್ಟುಹೋಗಿ. ಭಾನುವಾರ ಪೂಜೆಯಾದ ಮೇಲೆ ಸಂಜೆಯ ತನಕ ನಾನು ಇಲ್ಲಿಯೇ ಇರುತ್ತೇನೆ, ಬರೆಯಲು ಬಾರದವರಿಗೆ ಬರೆದುಕೊಡುತ್ತೇನೆ. ಒಬ್ಬರೇ ಬರಬೇಡಿ, ಇಬ್ಬರೂ ಬನ್ನಿ.